ಐನೂರ ಹನ್ನೆರಡು ಮನೆ

ನಮ್ಮೂರಿನಲ್ಲಿ ಯಾರ ಹೆಸರಿನ ಒಂದಕ್ಷರವಾದರೂ ಕರಿಹಲಗೆಯ ಮೇಲೆ ಮೂಡದೆ ಖಾಲಿ ಚೌಕವಾಗಿ ಕೂರುತ್ತದೋ, ಅವರು ಕಣ್ಣಿಂದ ಮರೆಯಾದ ಕೂಡಲೇ ಮರೆತೂ ಹೋಗುತ್ತಾರೆ. ಅವರ ಮುಖ, ದನಿ, ನಿನ್ನೆ ಆಡಿದ ಜಗಳ, ಒಂದೂ ಉಳಿಯುವುದಿಲ್ಲ. ಮತ್ತೆ ಎದುರಿಗೆ ಬಂದರೆ ಅವರು ಹೊಸಬರು. ಇದಕ್ಕೆ ಊರಿನವರು ಹೆಚ್ಚು ತಲೆಕೆಡಿಸಿಕೊಂಡಿಲ್ಲ. ಕೆಲವು ಊರಲ್ಲಿ ನೀರು ಗಡಸು, ಕೆಲವು ಊರಲ್ಲಿ ಸೊಳ್ಳೆ ಹೆಚ್ಚು, ನಮ್ಮೂರಲ್ಲಿ ಹೀಗೆ. ಚೌಕದವರು ಹೋಟೆಲಿಗೆ ಬಂದು ತಿಂಡಿ ಹೇಳಿದರೆ ಹೋಟೆಲಿನವರು ಅವರ ಮುಂದೊಂದು ಕಲ್ಲು ಇಟ್ಟು ಒಳಗೆ ಹೋಗುತ್ತಾರೆ. ಹೊರಗೆ ಬಂದಾಗ ಕಲ್ಲು ಕಂಡರೆ ಅಲ್ಲೊಬ್ಬರು ಹಸಿದು ಕೂತಿದ್ದಾರೆ ಎಂದು ಅರ್ಥ. ಮನೆಯಲ್ಲಿ ಚೌಕದವರಿದ್ದರೆ ಹೆಂಗಸರು ಅಕ್ಕಿ ಡಬ್ಬದ ಮುಚ್ಚಳಕ್ಕೆ ಸುಣ್ಣದ ಗೆರೆ ಎಳೆದಿರುತ್ತಾರೆ. ಒಂದು ಗೆರೆಗೆ ಒಂದು ಹಿಡಿ ಅಕ್ಕಿ ಹೆಚ್ಚು. ಯಾರಿಗೆ ಎಂದು ಯೋಚಿಸುತ್ತ ನಿಲ್ಲಬಾರದು, ಹಾಕಬೇಕು, ಅಷ್ಟೆ.

ಕರಿಹಲಗೆ ಎಂದರೆ ಶಾಲೆಯದ್ದಲ್ಲ. ಪುರಸಭೆಯ ಹಜಾರದಲ್ಲಿ, ಆಸ್ಪತ್ರೆಯಲ್ಲಿ, ರೇಷನ್ ಅಂಗಡಿಯಲ್ಲಿ, ದೋಣಿಕಟ್ಟೆಯಲ್ಲಿ ಇಟ್ಟಿರುವ ಕಪ್ಪು ಪರದೆ, ಅದರ ಮೇಲೆ ಹಸಿರು ಅಕ್ಷರ. ಸಾಹೇಬರು ಅದನ್ನು ಟರ್ಮಿನಲ್ ಅನ್ನುತ್ತಾರೆ. ಊರಿನವರ ಹೆಸರೆಲ್ಲ ಅದಕ್ಕೆ ಏರಿರಬೇಕು, ಅದೂ ಅವರವರ ಅಪ್ಪನ ಕೇರಿಯ ಅಕ್ಷರದಲ್ಲೇ ಏರಬೇಕು. ನಮ್ಮಲ್ಲಿ ಏಳು ಕೇರಿ, ಏಳು ಬಗೆಯ ಬರಹ. ಬಂದರು ಕೇರಿಯವರದು ಬಲದಿಂದ ಎಡಕ್ಕೆ ಓಡುತ್ತದೆ. ಬೆಟ್ಟದ ಕೇರಿಯವರ ಅಕ್ಷರ ಒಂದೊಂದೂ ಇಬ್ಬರು ಕೂರುವಷ್ಟು ಜಾಗ ಕೇಳುತ್ತದೆ. ಉಪ್ಪಿನ ಕೇರಿಯವರದು ಒಂದರ ಕೆಳಗೊಂದು ಇಳಿದು ನೇತಾಡುತ್ತದೆ. ಹಲಗೆ ಮಾಡಿದ ಪುಣ್ಯಾತ್ಮರಿಗೆ ಇದೊಂದೂ ಗೊತ್ತಿರಲಿಲ್ಲ. ಅವರು ಎಲ್ಲ ಅಕ್ಷರಕ್ಕೂ ಒಂದೇ ಅಳತೆಯ ಮನೆ ಕೊಟ್ಟುಬಿಟ್ಟರು: ಅಡ್ಡ ಎಂಟು ಚುಕ್ಕಿ, ಉದ್ದ ಹದಿನಾರು.

ಆ ಚುಕ್ಕಿಗಳಲ್ಲಿ ಯಾವುದು ಹೊತ್ತಬೇಕು, ಯಾವುದು ಆರಬೇಕು ಎಂದು ಗುರುತು ಹಾಕಿ ಅಕ್ಷರ ಕಟ್ಟುವುದು ನನ್ನ ಕೆಲಸ. ಹೆಸರು ಅಂಬುಜಾಕ್ಷಿ. ಓದಿದ್ದು ಹೆಚ್ಚಿಲ್ಲ. ಚುಕ್ಕಿ ರಂಗೋಲಿ ಚೆನ್ನಾಗಿ ಹಾಕುತ್ತೇನೆ ಎಂದು ಯಾರೋ ಹೇಳಿದ್ದನ್ನು ಕೇಳಿ ಪುರಸಭೆಯವರು ಮನೆ ಬಾಗಿಲಿಗೇ ಬಂದು ಕರೆದುಕೊಂಡು ಹೋದರು. ಈ ಕಚೇರಿಗೆ ಯಾವಾಗಲೂ ರಂಗೋಲಿ ಕೈಯವರನ್ನೇ ತೆಗೆದುಕೊಳ್ಳುವುದು. ಇಪ್ಪತ್ತೆರಡು ವರ್ಷದಿಂದ ಚೌಕುಳಿ ಕಾಗದದ ಮೇಲೆ ಪೆನ್ಸಿಲ್ ಹಿಡಿದು ಕೂತಿದ್ದೇನೆ. ಎರಡು ಮನೆ ಕೇಳುವ ಅಕ್ಷರವನ್ನು ಒಂದರಲ್ಲಿ ತುರುಕಿದ್ದೇನೆ, ನೇತಾಡುವ ಅಕ್ಷರದ ಬಾಲ ಕತ್ತರಿಸಿದ್ದೇನೆ. ಬಾಲ ಕಳೆದುಕೊಂಡ ಹೆಸರಿನವರು ಕುಂಟುತ್ತಾರೆ ಎಂದು ಜನ ಆಡಿಕೊಳ್ಳುತ್ತಿದ್ದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಚೌಕ ಆಗುವುದಕ್ಕಿಂತ ಕುಂಟುವುದು ವಾಸಿಯಲ್ಲವೇ?

ತೊಂದರೆ ಇದ್ದದ್ದು ಅಳತೆಯಲ್ಲಿ ಅಲ್ಲ, ಲೆಕ್ಕದಲ್ಲಿ. ಹಲಗೆಗೆ ಇರುವುದು ಐನೂರ ಹನ್ನೆರಡು ಮನೆ. ಅದರ ಮೇಲೆ ಒಂದೂ ಇಲ್ಲ. ಏಳು ಕೇರಿಯ ಅಕ್ಷರ, ಕೊಂಬು, ಅಂಕಿ ಎಲ್ಲವೂ ಅಷ್ಟರಲ್ಲೇ ಒಕ್ಕಲಿರಬೇಕು. ಒಂದು ಹೊಸ ಅಕ್ಷರ ಬರಬೇಕೆಂದರೆ ಒಂದು ಹಳೆಯದು ಮನೆ ಬಿಡಬೇಕು. ಇಷ್ಟರ ನಡುವೆ ನಲವತ್ತು ಮನೆಗಳಲ್ಲಿ ಬರೀ ಗೆರೆಗಳು ಕೂತಿದ್ದವು. ಅಡ್ಡಗೆರೆ, ಉದ್ದಗೆರೆ, ಜೋಡಿಗೆರೆ, ಎಡಮೂಲೆ, ಬಲಮೂಲೆ. ಪಟ್ಟಿಯ ಸುತ್ತ ಅಂಚು ಕಟ್ಟುವುದಕ್ಕೆ ಅವು. ನಮ್ಮ ಸಾಹೇಬ ಕೋನೇರಪ್ಪನವರಿಗೆ ಆ ಅಂಚೆಂದರೆ ಪ್ರಾಣ. ದಿನಾ ಬೆಳಿಗ್ಗೆ ಬಂದವರೇ ಹಜಾರದ ಹಲಗೆಯ ಮುಂದೆ ನಿಂತು ನಾಲ್ಕೂ ಮೂಲೆಗಳನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. ಒಂದು ಮೂಲೆ ಕದಲಿದ್ದರೂ ಬೀರುವಿನಿಂದ ಗೆರೆಗಳ ಹಳೆಯ ಕಾಗದದ ಕಟ್ಟು ತೆಗೆದು ಪೂರ್ತಿ ಮತ್ತೆ ಏರಿಸಿಬಿಡುತ್ತಿದ್ದರು.

ಮಾಘದಲ್ಲಿ ದೋಣಿಕಟ್ಟೆಗೆ ಹೊಸ ಅಧಿಕಾರಿ ಬಂದರು. ಅವರ ಹೆಸರಿನ ಒಂದು ಅಕ್ಷರ ನಮ್ಮ ಹಲಗೆಯಲ್ಲಿ ಇರಲಿಲ್ಲ. ಸಂಜೆಯೊಳಗೆ ಒಂದು ಮನೆ ಖಾಲಿ ಮಾಡಿಸಿ ಎಂದು ಕೋನೇರಪ್ಪನವರು ಹೇಳಿ ಹೋದರು. ಇಂಥ ಹೊತ್ತಿಗೆಂದೇ ಒಂದು ಪಟ್ಟಿ ಇದೆ, ಯಾವ ಅಕ್ಷರ ಎಷ್ಟು ಹೆಸರಿನಲ್ಲಿ ಬಳಕೆಯಲ್ಲಿದೆ ಎಂದು. ಉಪ್ಪಿನ ಕೇರಿಯ ಒಂದು ಅಕ್ಷರದ ಮುಂದೆ ಸೊನ್ನೆ ಇತ್ತು. ಅದನ್ನು ಬಳಸುತ್ತಿದ್ದದ್ದು ಹೋಲೂಮ ಎಂಬ ಮುದುಕರ ಹೆಸರು ಮಾತ್ರ. ನಾನಿಲ್ಲಿ ನಮ್ಮ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ಅವರದ್ದು ಕೊಡೆಯ ಹಿಡಿಯಂತೆ ಕೆಳಗೆ ಬಾಗಿದ ಅಕ್ಷರ. ಮುದುಕರು ತೀರಿಕೊಂಡು ಇಪ್ಪತ್ತು ದಿನವಾಗಿತ್ತು. ಸತ್ತವರಿಗೆ ಅಕ್ಷರ ಯಾಕೆ? ನಾನು ಚುಕ್ಕಿಗಳನ್ನು ಒಂದೊಂದಾಗಿ ಆರಿಸಿ ಅಧಿಕಾರಿಯ ಅಕ್ಷರವನ್ನು ಅಲ್ಲಿ ಕೂರಿಸಿದೆ.

ಆ ಹೋಲೂಮ ನನ್ನ ಅಳಿಯ ತೆರೂಮನ ತಾತ. ನನ್ನ ಒಬ್ಬಳೇ ಮಗಳು ಇಂದುಮತಿ ಉಪ್ಪಿನ ಕೇರಿಯ ಹುಡುಗನನ್ನು ಮದುವೆಯಾಗಿ ನಾಲ್ಕು ವರ್ಷವಾಗಿತ್ತು, ಆಗ ತುಂಬು ಬಸುರಿ. ಆ ಕೇರಿಯಲ್ಲೊಂದು ಪದ್ಧತಿ ಇದೆ. ಮನೆಯಲ್ಲಿ ಕೊನೆಗೆ ಯಾರು ಸತ್ತಿರುತ್ತಾರೋ ಅವರ ಹೆಸರನ್ನೇ ಮುಂದೆ ಹುಟ್ಟುವ ಮಗುವಿಗೆ ಇಡಬೇಕು, ಗಂಡಾಗಲಿ ಹೆಣ್ಣಾಗಲಿ. ಹೆಸರು ಖಾಲಿ ಬಿದ್ದಿರಬಾರದು ಅನ್ನುತ್ತಾರೆ. ಇದು ನನಗೆ ಗೊತ್ತಿತ್ತು. ಅವರ ಮನೆಯ ಎರಡು ನಾಮಕರಣದಲ್ಲಿ ಕೂತು ಊಟ ಮಾಡಿ ಬಂದವಳು ನಾನು. ಆದರೆ ಕಚೇರಿಯಲ್ಲಿ ಪಟ್ಟಿ ಹಿಡಿದಾಗ ನನಗೆ ಸೊನ್ನೆ ಕಂಡಿತೇ ಹೊರತು ಮಗಳ ಹೊಟ್ಟೆ ಕಾಣಲಿಲ್ಲ. ಇಪ್ಪತ್ತೆರಡು ವರ್ಷ ಒಂದೇ ಕೆಲಸ ಮಾಡಿದರೆ ಹೀಗೆ ಆಗುತ್ತದೆ.

ಹನ್ನೊಂದನೆಯ ದಿನ ಹೆಸರು ಏರಿಸಲು ಎಲ್ಲರೂ ಹಜಾರಕ್ಕೆ ಬಂದರು. ಹೆಣ್ಣು ಮಗು, ಬಲಗೆನ್ನೆಯಲ್ಲಿ ಗುಳಿ. ಇಂದುಮತಿ ಮಗುವನ್ನು ಎದೆಗೊತ್ತಿಕೊಂಡು ಹಲಗೆಯತ್ತ ಮುಖ ಎತ್ತಿ ನಿಂತಿದ್ದಳು. ಗುಮಾಸ್ತ ಕೀಲಿ ಒತ್ತಿದ. ಕೋನೇರಪ್ಪನವರ ಜೋಡಿಗೆರೆಯ ಅಂಚಿನೊಳಗೆ, ತೆರೂಮನ ಹೆಸರಿನ ಕೆಳಗೆ ಮೊದಲು ಒಂದು ಖಾಲಿ ಚೌಕ ಬಂತು, ಹಿಂದೆಯೇ ಎರಡು ಅಕ್ಷರ. ಇಂದುಮತಿ ಮುಖ ಕೆಳಗೆ ಮಾಡಿದಳು.

"ಅಮ್ಮಾ, ಇದ್ಯಾರ ಮಗು?" ಎಂದು ನನ್ನನ್ನು ಕೇಳಿದಳು. "ಯಾರೋ ನನ್ನ ಕೈಗೆ ಕೊಟ್ಟು ಹೋಗಿದ್ದಾರಲ್ಲ."

ನಾನೂ ಹಲಗೆಯನ್ನೇ ನೋಡುತ್ತಿದ್ದವಳು. "ಗೊತ್ತಿಲ್ಲ ಕಣೇ, ಇಲ್ಲೇ ಯಾರಾದ್ರೂ ಇರ್ತಾರೆ ನೋಡು," ಎಂದೆ. ಇದು ನನ್ನ ಬಾಯಿಂದ ಬಂದ ಮಾತು.

ತೆರೂಮನ ತಾಯಿಗೆ ಅನುಭವವಿತ್ತು. ಅವರ ಕೇರಿಯಲ್ಲಿ ಚೌಕದವರು ಹೆಚ್ಚು. ಮಗನ ಹೆಸರಿನ ಕೆಳಗೆ ಚೌಕ ಕಂಡದ್ದೇ ಅವರು ಸೆರಗಿನ ಅಂಚು ಹರಿದು ಮಗುವಿನ ಕಾಲಿಗೂ ಇಂದುಮತಿಯ ಮಣಿಕಟ್ಟಿಗೂ ಗಂಟು ಹಾಕಿದರು. "ಇದು ನಿಂದೇ ಮಗು ಕಣಮ್ಮ. ಈ ದಾರ ಕಂಡಾಗೆಲ್ಲ ನಂದೇ ಅಂದ್ಕೋ. ಬಿಚ್ಚಬೇಡ," ಎಂದರು. ನನ್ನ ಅಂಗೈ ಮೇಲೆ ಮಸಿಯಿಂದ 'ಮಗಳಿಗೆ ಮಗು ಇದೆ' ಎಂದು ಬರೆದರು. ಅಳಿಸಿದಾಗೆಲ್ಲ ನಾನೇ ಮತ್ತೆ ತಿದ್ದುತ್ತಿದ್ದೆ. ಹಾಗೆ ಎರಡು ತಿಂಗಳು ನಡೆಯಿತು. ದಾರ ಅತ್ತಿತ್ತ ಸರಿದು ಮಗು ಸೊಂಟದ ಹಿಂದಕ್ಕೆ ಹೋದರೆ ಇಂದುಮತಿಗೆ ಏನೂ ತಿಳಿಯುತ್ತಿರಲಿಲ್ಲ. ಎದೆಹಾಲು ಸೋರಿ ರವಿಕೆ ಒದ್ದೆಯಾದಾಗ ಗಾಬರಿಯಾಗಿ ತಡಕಾಡುತ್ತಿದ್ದಳು. ದಿನಕ್ಕೆ ಹತ್ತು ಸಲ ತಾಯಿಯಾಗುತ್ತಿದ್ದಳು, ಹತ್ತು ಸಲ ಬಂಜೆಯಾಗುತ್ತಿದ್ದಳು. ಮುಖ ಬತ್ತಿಹೋಯಿತು.

ನಾನು ಕೋನೇರಪ್ಪನವರ ಮುಂದೆ ಕೈಕಟ್ಟಿ ನಿಂತೆ. ಅಂಗೈ ತೋರಿಸಿದೆ.

"ಸಾರ್, ಜೋಡಿಗೆರೆ ಮೂಲೆ ನಾಲ್ಕಿದೆ, ಒಂಟಿಗೆರೆ ಮೂಲೆ ನಾಲ್ಕಿದೆ. ಒಂದೇ ಒಂದು ಮೂಲೆ ಬಿಟ್ಟುಕೊಡಿ. ಒಂದು ಮಗುವಿನ ಹೆಸರು ಸಾರ್."

"ಅಂಬುಜಾಕ್ಷಿಯವರೇ, ಮೂರು ಮೂಲೆಯ ಪಟ್ಟಿ ಎಲ್ಲಾದ್ರೂ ನೋಡಿದ್ದೀರಾ?" ಎಂದರು. ಕೋಪ ಮಾಡಿಕೊಳ್ಳಲಿಲ್ಲ, ನಿಜವಾಗಿಯೂ ಕೇಳಿದರು. "ನೋಡಿದವರು ನಗಲ್ವೇ? ಹೆಸರು ಇವತ್ತು ಒಂದಿರುತ್ತೆ, ನಾಳೆ ಇನ್ನೊಂದು ಬರುತ್ತೆ. ಅಂಚು ಎಲ್ಲರಿಗೂ ಸೇರಿದ್ದು."

"ಹಾಗಾದ್ರೆ ನನ್ನ ಮೊಮ್ಮಗು?"

"ಬೇರೆ ಹೆಸರು ಇಡೋಕೆ ಹೇಳಿ," ಎಂದು ಕಡತ ತೆರೆದರು. ಏರಿಸಿದ ಹೆಸರನ್ನು ಬದಲಿಸುವ ಪದ್ಧತಿ ಉಪ್ಪಿನ ಕೇರಿಯಲ್ಲಿಲ್ಲ. ಬದಲಿಸಿದರೆ ಮುದುಕರನ್ನು ಎರಡನೆಯ ಸಲ ಸಾಯಿಸಿದಂತೆ ಎಂದು ತೆರೂಮನ ತಾಯಿ ಹಟ ಹಿಡಿದಿದ್ದರು. ನಾನು ಅವರನ್ನೂ ಬೇಡಿಕೊಂಡೆ. ಆಗಲಿಲ್ಲ.

ಚೈತ್ರದ ಬಿಸಿಲು ಏರಿದಾಗ ಅದು ನಡೆಯಿತು. ಇಂದುಮತಿ ಮೀಯುವುದಕ್ಕೆ ದಾರ ಬಿಚ್ಚಿ ಮಗುವನ್ನು ಹಿತ್ತಿಲಿನ ಕಟ್ಟೆಯ ಮೇಲೆ ಮಲಗಿಸಿದವಳು, ಮಿಂದು ಬಂದು ಕೂದಲು ಒರೆಸಿಕೊಂಡು ಉಪ್ಪಿನ ಗದ್ದೆಗೆ ಹೊರಟುಹೋದಳು. ದಾರ ಬಚ್ಚಲ ಗೂಟದಲ್ಲೇ ನೇತಾಡುತ್ತಿತ್ತು. ಅಂದು ನಾನು ಅವರ ಮನೆಯಲ್ಲೇ ಇದ್ದೆ. ಅಳು ಕೇಳಿ ಹಿತ್ತಿಲಿಗೆ ಹೋದೆ, ಮಗುವನ್ನು ಕಂಡೆ, ಅಯ್ಯೋ ಬಿಸಿಲಲ್ಲಿದೆಯಲ್ಲ ಎಂದು ಹೊದಿಸಲು ಬಟ್ಟೆ ತರೋಣವೆಂದು ಒಳಗೆ ಬಂದೆ. ಒಳಗೆ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು, ಇಳಿಸಿದೆ. ಮತ್ತೆ ಅಳು ಕೇಳಿತು, ಮತ್ತೆ ಹೋದೆ, ಮತ್ತೆ ಬಂದೆ. ಎಷ್ಟು ಸಲವೋ. ಪಕ್ಕದ ಮನೆಯವರೂ ಹಾಗೇ ಬಂದು ನೋಡಿ ಹೋಗಿರಬೇಕು. ಮಧ್ಯಾಹ್ನ ಅಳು ನಿಂತಿತು. ನಿಂತದ್ದು ಒಳ್ಳೆಯದಾಯಿತು ಎಂದುಕೊಂಡು ನಾನು ಚಾಪೆ ಹಾಸಿ ಮಲಗಿದೆ. ಮೂರು ಗಂಟೆಗೆ ತೆರೂಮ ಬಂದು, ಗೂಟದಲ್ಲಿ ದಾರ ನೋಡಿ ಕೂಗಿಕೊಂಡು ಹಿತ್ತಿಲಿಗೆ ಓಡಿದ. ಮಗುವಿನ ತುಟಿ ಒಡೆದಿತ್ತು, ನಾಲಿಗೆ ಒಣಗಿತ್ತು. ಆಸ್ಪತ್ರೆಯಲ್ಲಿ ನಾಲ್ಕು ದಿನ ಇಟ್ಟುಕೊಂಡರು. ನರ್ಸಮ್ಮ ತೊಟ್ಟಿಲಿಗೆ ಗಂಟೆ ಕಟ್ಟಿ, ಮರೆಯದಂತೆ ತನ್ನ ಕುರ್ಚಿಯನ್ನು ಅದರ ಎದುರಿಗೇ ಎಳೆದುಕೊಂಡು ಕೂತಳು. ಮಗು ಬದುಕಿತು. ಮುಂದಿನ ಸಲ ಬದುಕುವುದಿಲ್ಲ ಎಂದು ಡಾಕ್ಟರು ತೆರೂಮನಿಗೆ ಮುಖಕ್ಕೆ ಹೊಡೆದಂತೆ ಹೇಳಿದರಂತೆ.

ಮಗು ಮನೆಗೆ ಬಂದ ದಿನ ಬೆಳಿಗ್ಗೆಯೇ ನಾನು ಕಚೇರಿಗೆ ಬಂದು, ಅಂಗೈಯ ಮಸಿ ನೋಡಿಕೊಂಡು ಬಳಕೆಯ ಪಟ್ಟಿ ತೆಗೆದೆ. ಸೊನ್ನೆ ಇರುವ ಅಕ್ಷರ ಒಂದೂ ಉಳಿದಿರಲಿಲ್ಲ. ದೋಣಿಕಟ್ಟೆಯ ಅಧಿಕಾರಿಯದ್ದನ್ನು ಮುಟ್ಟುವಂತಿರಲಿಲ್ಲ; ಅದು ಬಿಟ್ಟರೆ ಒಂದು ಎಂದು ಇದ್ದದ್ದು ಒಂದೇ ಒಂದು, ಬೆಟ್ಟದ ಕೇರಿಯ ಅಕ್ಷರ. ಅದು ಯಾರ ಹೆಸರಿನಲ್ಲಿದೆ ಎಂದು ಆಗ ನನಗೆ ಗೊತ್ತಿತ್ತು. ಗೊತ್ತಿದ್ದೇ ಪೆನ್ಸಿಲ್ ಕೆಳಗಿಟ್ಟೆ, ಮತ್ತೆ ಎತ್ತಿಕೊಂಡೆ. ಎದ್ದು ಹೋಗಿ ನೀರು ಕುಡಿದು ಬಂದದ್ದು ನೆನಪಿದೆ. ಅಷ್ಟು ಹೊತ್ತು ಯಾಕೆ ಹಿಂಜರಿದೆ, ಯಾರಿಗಾಗಿ ಹಿಂಜರಿದೆ ಎಂಬುದು ಈಗ ನೆನಪಿಲ್ಲ. ಆಮೇಲೆ ಆ ಮನೆಯ ಚುಕ್ಕಿಗಳನ್ನೆಲ್ಲ ಆರಿಸಿ, ಕೊಡೆಯ ಹಿಡಿಯಂತೆ ಬಾಗಿದ ಅಕ್ಷರವನ್ನು ಕೂರಿಸಿದೆ. ಈ ಸಲ ಬಾಲವನ್ನೂ ಕತ್ತರಿಸಲಿಲ್ಲ. ಹೇಗೋ ಹೊಂದಿಸಿದೆ. ಅಷ್ಟು ಚೆಂದದ ಅಕ್ಷರ ನನ್ನ ಕೈಯಿಂದ ಇನ್ನೊಂದು ಬಂದಿಲ್ಲ.

ಹಜಾರದಲ್ಲಿ ಹಲಗೆ ಒಂದು ಸಲ ಮಿನುಗಿತು. ಆ ಕ್ಷಣಕ್ಕೇ ಎಲ್ಲವೂ ಮರಳಿ ಬಂತು: ಕೆನ್ನೆಯ ಗುಳಿ, ಬಾಣಂತಿ ಕೋಣೆಯ ಹೊಗೆ, ಹಿತ್ತಿಲಿನ ಅಳು, ನಾನು ಒಳಗೆ ಬಂದು ಇಳಿಸಿದ ಹಾಲು. ಕಚೇರಿಯಲ್ಲೇ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಸಂಜೆ ಹೋಗಿ ನೋಡಿದರೆ ಇಂದುಮತಿ ಮಗುವನ್ನು ಚಾಪೆಯ ಮೇಲೆ ಮಲಗಿಸಿ, ತಾನು ಬೇಕೆಂದೇ ಬೆನ್ನು ತಿರುಗಿಸಿ ಕೂತು, "ನೆನಪಿದೆ, ನೆನಪಿದೆ," ಎಂದು ತನ್ನಷ್ಟಕ್ಕೆ ನಗುತ್ತಿದ್ದಳು. ಆ ನಗು ನೋಡಿ ನಾನು ಮಾಡಿದ್ದು ಸರಿ ಎಂದುಕೊಂಡೆ. ಈಗಲೂ ಅರ್ಧ ಹಾಗೇ ಅನ್ನಿಸುತ್ತದೆ.

ಇಷ್ಟು ಹೊತ್ತು ಬರೆದದ್ದು ನನ್ನ ನೆನಪಿನಲ್ಲಿ ಇದ್ದದ್ದು. ಮುಂದಿನದು ಈಗ ನನ್ನ ಎದುರು ಕೂತಿರುವ ಹೆಂಗಸು ಹೇಳುತ್ತಿರುವುದು. ಇವತ್ತು ಬೆಳಿಗ್ಗೆ ನಾನು ಬಂದಾಗ ಪಕ್ಕದ ಮೇಜಿನಲ್ಲಿ ಕೂತಿದ್ದಳು. ನನ್ನದೇ ವಯಸ್ಸು, ತುರುಬಿಗೆ ಒಂದು ಪೆನ್ಸಿಲ್ ಸಿಕ್ಕಿಸಿಕೊಂಡಿದ್ದಳು. "ಯಾರಮ್ಮಾ? ಕೆಲಸ ಕೇಳ್ಕೊಂಡು ಬಂದ್ರಾ? ಸಾಹೇಬ್ರು ಇನ್ನೂ ಬಂದಿಲ್ಲ," ಎಂದೆ. ಅವಳು ನಕ್ಕಳು. ಒಳ್ಳೆಯ ನಗುವಲ್ಲ.

"ನಲವತ್ತು ದಿನದಿಂದ ಇದೇ ಮಾತು ಕೇಳ್ತಿದ್ದೀನಿ ಅಂಬುಜಾ," ಎಂದಳು. ಕುರ್ಚಿ ಎಳೆದುಕೊಂಡು ಬಂದು ಎದುರು ಕೂತು, ತನ್ನ ಕೈಯನ್ನು ನನ್ನ ಕಾಗದದ ಅಂಚಿನ ಮೇಲೆ ಇಟ್ಟಳು. "ಕೈ ಇಲ್ಲೇ ಇಟ್ಟಿರ್ತೀನಿ. ಬರೀವಾಗ ಕಣ್ಣಿಗೆ ಕಾಣ್ತಾ ಇರುತ್ತೆ, ಮರೆಯೋದಿಲ್ಲ. ಮೊದ್ಲು ನಿಂದೆಲ್ಲ ಬರಿ. ಆಮೇಲೆ ನಂದು."

ಅವಳ ಹೆಸರು ಸುಯಿಲಾ. ಇದೂ ನಮ್ಮ ಅಕ್ಷರದಲ್ಲೇ ಬರೆದದ್ದು, ಅವಳದ್ದು ಈಗ ಎಲ್ಲೂ ಇಲ್ಲ. ಬೆಟ್ಟದ ಕೇರಿಯವಳು, ಒಂಟಿ. ಹತ್ತೊಂಬತ್ತು ವರ್ಷ ಈ ಪಕ್ಕದ ಮೇಜಿನಲ್ಲಿ ಚುಕ್ಕಿ ಇಟ್ಟವಳಂತೆ. ಒಂದೇ ಡಬ್ಬಿಯಲ್ಲಿ ಊಟ ಮಾಡುತ್ತಿದ್ದೆವಂತೆ. ನನ್ನ ಗಂಡ ಸತ್ತಾಗ ಹದಿನೈದು ದಿನ ನಮ್ಮ ಮನೆಯಲ್ಲೇ ಮಲಗಿದ್ದಳಂತೆ. ಇಂದುಮತಿಯ ಮದುವೆಗೆ ಒಪ್ಪದೆ ನಾನು ಬಾಗಿಲು ಹಾಕಿಕೊಂಡಾಗ, ಆಚೆ ನಿಂತು ಬೈದು ಬಾಗಿಲು ತೆಗೆಸಿದ್ದೂ ಅವಳೇ ಅಂತೆ. ಬಾಗಿಲು ತೆಗೆದದ್ದು ನನಗೆ ನೆನಪಿದೆ. ಹೊರಗೆ ಯಾರು ನಿಂತಿದ್ದರು ಎಂದು ನೆನೆಸಿಕೊಂಡರೆ ಅಲ್ಲಿ ಯಾರೂ ಇಲ್ಲ.

"ಮಗು ಆಸ್ಪತ್ರೇಲಿದ್ದಾಗ ಒಂದು ಅಂತ ಇರೋ ಅಕ್ಷರ ಹುಡುಕು ಅಂತ ಹೇಳ್ಕೊಟ್ಟೋಳೂ ನಾನೇ," ಎಂದಳು. "ಅದು ನಂದೇ ಅಂತ ಗೊತ್ತಿತ್ತು ನಂಗೆ. ಏನೂ ಮಾಡಬೇಡ, ನಾಳೆ ಬರ್ತೀನಿ, ಕೂತು ಮಾತಾಡೋಣ ಅಂದಿದ್ದೆ. ನೀನು ಕಾಯಲಿಲ್ಲ. ಬೆಳಿಗ್ಗೆ ನಾನು ಬರೋದ್ರೊಳಗೆ ನೀನು ಮುಗಿಸಿಬಿಟ್ಟಿದ್ದೆ. ಬಂದು ನಿಂತರೆ, ಯಾರಮ್ಮಾ ಅಂದೆ."

"ಕೇಳಿದ್ರೆ ಕೊಡ್ತಿದ್ರಾ?" ಎಂದೆ. ಬಹುವಚನ ತಾನಾಗಿ ಬಂತು. ಹೊಸಬರನ್ನು ನೀನು ಅನ್ನುವುದು ಹೇಗೆ?

"ಕೊಡ್ತಿದ್ದೆನೋ ಇಲ್ವೋ ಗೊತ್ತಿಲ್ಲ. ಕೇಳಬೇಕಾಗಿತ್ತು."

ನನಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಬೇರೆ ಯಾರದ್ದಾದರೂ ಅಕ್ಷರ ತೆಗೆದು ನಿಮ್ಮದನ್ನು ಕೂರಿಸೋಣ ಎಂದು ಪಟ್ಟಿಯ ಕಡೆ ಕೈ ಚಾಚಿದೆ. ಸುಯಿಲಾ ಪಟ್ಟಿಯನ್ನು ಎಳೆದುಕೊಂಡು ತನ್ನ ತೊಡೆಯ ಮೇಲಿಟ್ಟುಕೊಂಡಳು. "ಹತ್ತನೇ ದಿನವೂ ಇದನ್ನೇ ಅಂದೆ, ಇಪ್ಪತ್ತನೇ ದಿನವೂ ಅಂದೆ," ಎಂದಳು. "ನನ್ನ ಥರ ಇನ್ನೊಬ್ರು ಯಾಕೆ ಬೀದಿ ಅಲೀಬೇಕು? ಹೋಟೆಲಲ್ಲಿ ಕಲ್ಲಿನ ಮುಂದೆ ಕೂತು ಊಟ ಮಾಡ್ತಿದ್ದೀನಿ ಕಣೇ. ಮನೆ ಮಾಲೀಕ್ರು ಖಾಲಿ ಮನೆ ಅಂತ ಎರಡು ಸಲ ಬೀಗ ಹಾಕ್ಕೊಂಡು ಹೋದ್ರು."

"ನಿಮಗೂ ಚುಕ್ಕಿ ಇಡೋಕೆ ಬರುತ್ತಲ್ಲ. ನೀವೇ ಯಾಕೆ ತಿರುಗಿ ಹಾಕಲಿಲ್ಲ?"

ಅವಳು ಹೊರಗಿನ ಜಗಲಿಯತ್ತ ನೋಡಿದಳು. ಇಂದುಮತಿ ಗದ್ದೆಗೆ ಹೋಗುವಾಗ ಮಗುವನ್ನು ನನ್ನ ಹತ್ತಿರ ಬಿಟ್ಟು ಹೋಗುತ್ತಾಳೆ. ಜಗಲಿಯ ತೊಲೆಗೆ ಸೀರೆಯ ಜೋಲಿ ಕಟ್ಟಿದೆ, ನನ್ನ ಬೆನ್ನ ಹಿಂದೆ. "ಮೂರು ಸಲ ಪೆನ್ಸಿಲ್ ಹಿಡಿದೆ," ಎಂದಳು ಸುಯಿಲಾ. "ಅದು ಜೋಲೀಲಿ ಕಾಲಾಡಿಸ್ತಿತ್ತು. ನನ್ನಿಂದ ಆಗಲಿಲ್ಲ. ನಿಂಗೆ ಹೇಗೆ ಆಯ್ತೋ."

ಹಾಗಾದರೆ ನಿಮಗೆ ನನ್ನಿಂದ ಏನು ಬೇಕು ಎಂದೆ.

"ಅಕ್ಷರ ಬೇಡ. ಮಗುಗೇ ಇರಲಿ. ಈ ಕಾಗದ ನಿನ್ನ ಮೇಜಿನ ಗಾಜಿನ ಕೆಳಗೆ ಇಟ್ಕೋ. ದಿನಾ ಬೆಳಿಗ್ಗೆ ಬಂದು ಓದು. ನಾನಿದ್ದೆ ಅಂತ, ನೀನು ಮಾಡಿದೆ ಅಂತ ನಿನಗಾದ್ರೂ ಗೊತ್ತಿರಲಿ. ದಿನಾ ಬಂದು ಹೇಳೋಕೆ ನನ್ನ ಕೈಲಿ ಇನ್ನು ಆಗಲ್ಲ ಅಂಬುಜಾ, ಸುಸ್ತಾಗಿದೆ. ನಲವತ್ತು ದಿನವೂ ಕೇಳಿ ಅತ್ತೆ ನೀನು. ನಲವತ್ತು ದಿನವೂ ಮಗು ಎದ್ದು ಅತ್ತಿತು, ನೀನು ಎದ್ದು ಹೋದೆ, ತಿರುಗಿ ಬಂದು ಯಾರಮ್ಮಾ ಅಂದೆ."

ಕೇಳಿದ್ದು ಇಷ್ಟೇ. ಒಂದು ಹಾಳೆ, ಗಾಜಿನ ಕೆಳಗೆ. ಆಗಲಿ ಎಂದು ಬಾಯಲ್ಲಿ ಹೇಳಿದೆ, ಇಲ್ಲಿಯವರೆಗೆ ಬರೆದೂ ಬರೆದೆ. ಅವಳ ಕೈ ಇನ್ನೂ ಕಾಗದದ ಅಂಚಿನ ಮೇಲಿದೆ. ಬೆರಳ ತುದಿಯಲ್ಲಿ ಪೆನ್ಸಿಲಿನ ಕಪ್ಪು ಇದೆ, ನನ್ನ ಬೆರಳಲ್ಲಿ ಇರುವಂತೆಯೇ.

ಈಗ ಮಗು ಎದ್ದಿದೆ. ಮೊದಲು ಸಣ್ಣಗೆ ಕುಂಯ್ಗುಡುತ್ತಿತ್ತು, ಈಗ ಜೋರಾಗಿ ಅಳುತ್ತಿದೆ. ನಾನು ಹೋಗಬೇಕು. ಈ ಕಾಗದ ಗಾಜಿನ ಕೆಳಗಿದ್ದರೆ ನಾಳೆ ಓದುತ್ತೇನೆ, ನಾಡಿದ್ದೂ ಓದುತ್ತೇನೆ, ಓದಿ ಓದಿ ಆಮೇಲೆ ಆ ಮಗುವಿನ ಮುಖ ನೋಡುತ್ತೇನೆ. ಅದು ನನ್ನಿಂದ ಆಗುವುದಿಲ್ಲ. ನಾನು ಅಷ್ಟು ಗಟ್ಟಿಯವಳಲ್ಲ. ಆದ್ದರಿಂದ ಈ ಹಾಳೆಯನ್ನು ಮಡಿಸಿ ಸುಯಿಲಾಳ ಕೈಯಲ್ಲೇ ಇಡುತ್ತಿದ್ದೇನೆ. ನೀವೇ ಇಟ್ಟುಕೊಳ್ಳಿ ಎಂದು ಹೇಳಿ ಏಳುತ್ತೇನೆ.